ಅಕ್ಕೋರ ಕಾರಿನ ಟೈಮಿಂಗ್

ಹಳೆಯ ಕಾರು ಮೂರು ದೂರು ಹೊತ್ತು ಬಂದರೆ ಅದಕ್ಕೆ ಮೂರು ರೋಗ ಎಂದುಕೊಳ್ಳುವುದು ನಮ್ಮ ಕಸುಬಿನವರ ಕೆಟ್ಟ ಚಾಳಿ. ಗಿರಾಕಿ ಹೇಳುತ್ತಾ ಹೋಗುತ್ತಾನೆ, ನಾವು ಒಂದೊಂದು ದೂರಿಗೆ ಒಂದೊಂದು ಸಾಮಾನಿನ ಹೆಸರು ಹೇಳುತ್ತಾ ಹೋಗುತ್ತೇವೆ. ಹೊಸಪೇಟೆಯ ನನ್ನ ಗ್ಯಾರೇಜಿಗೆ ಅಕ್ಕೋರ ಕಾರು ಬಂದಾಗ ನಾನು ಮಾಡಿದ್ದೂ ಅದನ್ನೇ.

ಅಕ್ಕೋರು ಅಂದರೆ ಸಂಡೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರು. ನಮ್ಮ ಕಡೆ ಹೆಣ್ಣುಮಕ್ಕಳು ಟೀಚರಾದರೆ ಊರಿಗೆಲ್ಲಾ ಅಕ್ಕೋರೇ. ಮನೆ ಕಡ್ಡಿರಾಂಪುರದಲ್ಲಿ. ಹಂಪಿಗೆ ಹೋಗುವ ರಸ್ತೆಯ ಪಕ್ಕ ಅವರ ತಮ್ಮ ಊಟದ ಹೋಟೆಲ್ ನಡೆಸುತ್ತಾನೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅಕ್ಕೋರ ಬಲಗಾಲಿನಲ್ಲಿ ಶಕ್ತಿ ಇಲ್ಲ, ಮೊಣಕಾಲಿನವರೆಗೆ ಕಬ್ಬಿಣದ ಪಟ್ಟಿಯ ಬೂಟು ಹಾಕುತ್ತಾರೆ. ಎಡಗಾಲು ಗಟ್ಟಿ, ಅದರಲ್ಲಿ ಕ್ಲಚ್ ಒತ್ತುತ್ತಾರೆ. ಬ್ರೇಕಿಗೂ ರೇಸಿಗೂ ಸ್ಟೇರಿಂಗ್ ಕೆಳಗೆ ಬಲಗೈಗೆ ಸಿಗುವಂತೆ ಒಂದು ಲಿವರ್ ಕೂರಿಸಿದ್ದಾರೆ. ಎಳೆದರೆ ರೇಸ್, ಮುಂದಕ್ಕೆ ತಳ್ಳಿದರೆ ಬ್ರೇಕ್. ಬಲಗಾಲು ಅಪ್ಪಿತಪ್ಪಿ ಪೆಡಲಿನ ಕೆಳಗೆ ಸಿಕ್ಕಿಹಾಕಿಕೊಳ್ಳಬಾರದೆಂದು ಬ್ರೇಕ್, ರೇಸಿನ ಪೆಡಲುಗಳಿಗೆ ಅಡ್ಡ ಒಂದು ತಗಡು ಬೆಸೆದಿದ್ದಾರೆ. ಕಾರು ಮೂರು ಸಿಲಿಂಡರಿನದು, ಕಾರ್ಬುರೇಟರ್ ಕಾಲದ್ದು. ಅದರ ವಾರಿಗೆಯ ಕಾರುಗಳೆಲ್ಲ ಎಂದೋ ಗುಜರಿ ಸೇರಿದವು.

ಅವತ್ತು ಅಕ್ಕೋರ ಜೊತೆ ತಮ್ಮನೂ ಬಂದಿದ್ದ. ಅಕ್ಕೋರು ಕಾರಿನಿಂದ ಇಳಿಯದೆ ದೂರು ಹೇಳಿದರು. ಸಂಡೂರಿನ ಘಾಟ್ ಹತ್ತುವಾಗ ಕಾರು ಎಳೆಯುವುದಿಲ್ಲ, ಅದಿರಿನ ಲಾರಿಗಳೂ ಹಿಂದಿನಿಂದ ಹಾರನ್ ಹೊಡೆಯುತ್ತವೆ. ಹೊಗೆಯ ಪರೀಕ್ಷೆಯಲ್ಲಿ ಫೇಲಾಗಿದೆ, ಆರ್.ಸಿ. ನವೀಕರಣದ ದಿನ ಹತ್ತಿರ ಬಂದಿದೆ. ಮತ್ತೆ ಬ್ರೇಕ್ ಲಿವರ್ ಭಾರ ಆಗಿದೆ.

"ಭಾರ ಅಂದ್ರ ಹೆಂಗ್ರಿ?" ಅಂದೆ.

"ಒಂದ್ಸಲ ತಳ್ಳಿದ್ರ ಏನೂ ಇಲ್ರಿ ಮೇಸ್ತ್ರಿ. ಘಾಟ್ ಇಳಿಯಾಗ ಲಾರಿ ಹಿಂದ ನಿಂತು ನಿಂತು ಹೋಗಬೇಕಲ್ಲ, ಆವಾಗ ಮ್ಯಾಲಿಂದ ಮ್ಯಾಲೆ ತಳ್ಳಿದ್ರ ಕಲ್ಲು ತಳ್ಳಿದಂಗ ಆಗ್ತೈತಿ."

ತಮ್ಮ ಹಿಂದಿನಿಂದ ಕೈ ಆಡಿಸಿದ. "ಬ್ರೇಕ್ ಅಲ್ರಿ, ಅಕ್ಕನ ಕೈ ಸೋಲಾಕತ್ತೈತಿ. ಡಾಕ್ಟ್ರು ಮೊದ್ಲ ಹೇಳ್ಯಾರ, ಪೋಲಿಯೋ ಆದವ್ರಿಗೆ ವಯಸ್ಸಾದಂಗ ಚಲೋ ಇದ್ದ ಕೈನೂ ಬಲ ಕಳ್ಕೊಂತೈತಿ ಅಂತ. ಈ ಕಾರು ಮಾರು, ನಾನ ದಿನಾ ಬೈಕ್ನ್ಯಾಗ ಬಿಡ್ತೀನಿ ಅಂದ್ರ ಕೇಳವಲ್ಲಳು."

ಅಕ್ಕೋರು ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ. "ಮೊದ್ಲು ಕಾರು ನೋಡ್ರಿ," ಎಂದರು.

ನೋಡಿದೆ. ಕಾರ್ಬುರೇಟರ್ ಬಿಚ್ಚಿ ತೊಳೆದೆ, ಪ್ಲಗ್ ಬದಲಿಸಿದೆ, ಏರ್ ಫಿಲ್ಟರಿನಿಂದ ಸಂಡೂರಿನ ಕೆಂಪು ಧೂಳನ್ನು ಕುಟ್ಟಿ ತೆಗೆದೆ. ಬ್ರೇಕಿನ ಪ್ಯಾಡು, ಎಣ್ಣೆ ಎಲ್ಲ ಪರೀಕ್ಷಿಸಿದೆ. ಕೊನೆಗೆ ನಾನೇ ಕೂತು ಲಿವರನ್ನು ಒಮ್ಮೆ ತಳ್ಳಿದೆ. ಬೆಣ್ಣೆಯಂತೆ ಹೋಯಿತು. ಜೀವಮಾನವೆಲ್ಲ ಸ್ಪಾನರ್ ತಿರುಗಿಸಿದ ತೋಳು ನನ್ನದು, ಅದರಲ್ಲಿ ಬ್ರೇಕ್ ಅಳೆದೆ. ಬಾಯಿ ಸುಮ್ಮನಿರಬೇಕಿತ್ತು, ಇರಲಿಲ್ಲ.

"ಬ್ರೇಕ್ ಮಸ್ತ್ ಐತ್ರಿ ಅಕ್ಕೋರ. ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದ್ಲಂತ ಹಂಗಾತು ನಿಮ್ಮ ಮಾತು," ಎಂದು ನಗಾಡಿದೆ.

ಅಂದ ಮೇಲೆ ಅವರ ಬೂಟು ಕಣ್ಣಿಗೆ ಬಿತ್ತು. ನಾಲಿಗೆ ಕಚ್ಚಿಕೊಂಡೆ. ತಮ್ಮ ಕೂಡ ನೆಲ ನೋಡಿದ.

"ನಾನು ಕುಣಿದಾಕಿನ ಅಲ್ಲ ಬಿಡ್ರಿ ಮೇಸ್ತ್ರಿ," ಎಂದು ಅಕ್ಕೋರು ಕಾರು ಶುರುಮಾಡಿಕೊಂಡು ಹೊರಟರು. ಇಡೀ ದಿನ ನನ್ನ ಮೇಲೆ ನನಗೇ ಸಿಟ್ಟು ಬಂದು ಕಂಡವರ ಮೇಲೆ ಹಾರಾಡಿದೆ.

ವಾರ ಕಳೆಯುವಷ್ಟರಲ್ಲಿ ಕಾರು ವಾಪಸ್ ಬಂತು. ಬಾನೆಟ್ಟಿನ ಮೂಗು ಜಜ್ಜಿಹೋಗಿತ್ತು. ಘಾಟ್ ಇಳಿಯುವಾಗ ಸಾಲು ನಿಂತು ನಿಂತು ಚಲಿಸುತ್ತಿತ್ತಂತೆ. ಎರಡು ಸಲ ಬ್ರೇಕ್ ಹಿಡಿಯಿತು, ಮೂರನೆಯದಕ್ಕೆ ಲಿವರ್ ಕಲ್ಲಾಯಿತು, ಕಾರು ಮೆಲ್ಲಗೆ ಹೋಗಿ ಮುಂದಿನ ಲಾರಿಯ ಹಿಂಬದಿಗೆ ಒರಗಿತು. ಪುಣ್ಯಕ್ಕೆ ವೇಗ ಇರಲಿಲ್ಲ. ಈ ಸಲ ಕಾರು ಓಡಿಸಿಕೊಂಡು ಬಂದವನು ತಮ್ಮ. ತಗಡು ಅಡ್ಡವಿದ್ದದ್ದರಿಂದ ಅವನೂ ಲಿವರ್‌ನಲ್ಲೇ ಸಾಗಿಸಿಕೊಂಡು ಬಂದಿದ್ದ. ಅಕ್ಕೋರು ಪಕ್ಕದ ಸೀಟಿನಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದರು. ತಮ್ಮನ ಮಗ್ಗುಲಲ್ಲಿ ಹಾಗೆ ಕೂತು ಬಂದದ್ದೇ ಅವರಿಗೆ ಸೋಲಿನ ಹಾಗೆ ಕಂಡಿತ್ತು.

"ಇದು ಕಡೀದು ಮೇಸ್ತ್ರಿ," ಎಂದ ತಮ್ಮ. "ಆರ್.ಸಿ. ಪಾಸಾದ್ರ ಪಾಸು. ಇಲ್ಲಂದ್ರ ಗುಜರಿಗೆ. ಆಮೇಲೆ ಆಕಿ ಕಾರಿನ ಮಾತು ಎತ್ತಂಗಿಲ್ಲ ಅಂತ ಮಾತು ಕೊಟ್ಟಾಳ."

ಅಕ್ಕೋರು ಹೌದೆಂದು ತಲೆ ಆಡಿಸಿದರು. ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು, ಆ ಕಾರು ಹೋದರೆ ಹೋಗುವುದು ಕಾರು ಮಾತ್ರ ಅಲ್ಲ. ಅವರು ಬೆಳಿಗ್ಗೆ ಯಾರನ್ನೂ ಕೇಳದೆ ಮನೆಯಿಂದ ಹೊರಡುವುದೂ ಹೋಗುತ್ತದೆ.

ಮೊದಲು ಹೊಗೆಯ ಕಡೆಯಿಂದ ಹಿಡಿದೆ, ಅಕ್ಕೋರನ್ನು ಕೂರಿಸಿಕೊಂಡೇ ಕಾರನ್ನು ಹೊಗೆ ಪರೀಕ್ಷೆಯ ಕೇಂದ್ರಕ್ಕೆ ಒಯ್ದೆ. ನಮ್ಮಲ್ಲಿ ಹೊಗೆ ಪರೀಕ್ಷೆಗೆ ಒಂದು ನಾಟಿ ಮದ್ದು ಇದೆ, ಎಲ್ಲ ಗ್ಯಾರೇಜಿನವರಿಗೂ ಗೊತ್ತು. ಕಾರ್ಬುರೇಟರಿನ ಮಿಕ್ಸ್ಚರ್ ಸ್ಕ್ರೂ ಬಿಗಿದು ಪೆಟ್ರೋಲ್ ಕಮ್ಮಿ ಮಾಡುವುದು, ಚೀಟಿ ಕೈಗೆ ಬಂದ ಮೇಲೆ ಮತ್ತೆ ಸಡಿಲಿಸುವುದು. ಈ ಕಾರಿನಲ್ಲಿ ಸ್ಕ್ರೂ ಒಂದು ಚೂರು ಬಿಗಿದರೆ ಎಂಜಿನ್ ಕೆಮ್ಮಿ ನಿಂತೇ ಹೋಗುತ್ತಿತ್ತು. ಸಡಿಲಿಸಿದರೆ ಇಂಗಾಲದ ಮಾನಾಕ್ಸೈಡ್ ಮಿತಿ ದಾಟಿ ಎಲ್ಲಿಗೋ ಹೋಗುತ್ತಿತ್ತು. ಪರೀಕ್ಷೆಯ ಕೇಂದ್ರ ನಡೆಸುವವನು ನನ್ನ ಪರಿಚಯದವನು. ನನ್ನ ಪಾಡು ನೋಡಲಾರದೆ ಹತ್ತಿರ ಬಂದು ಪಿಸುಗುಟ್ಟಿದ.

"ಯಾಕ್ ಒದ್ದಾಡ್ತಿ ಮಾರಾಯ? ಪೈಪ್ ತಗೊಂಡ್ಹೋಗಿ ನನ್ನ ಹೊಸಾ ಕಾರಿಗೆ ಇಡ್ತೀನಿ. ನಂಬರ್ ಪ್ಲೇಟ್ ಫೋಟೋ ಈ ಕಾರಿಂದು ಹಾಕಿದ್ರ ಆತು."

ನನಗೆ ಆಸೆಯಾಯಿತು. ಚೀಟಿ ಬಂದರೆ ಆರ್.ಸಿ. ಆಗುತ್ತದೆ, ಅಕ್ಕೋರು ನಗುತ್ತಾರೆ, ನಾನು ಆಡಿದ ಗಾದೆಗೂ ಒಂದು ಪ್ರಾಯಶ್ಚಿತ್ತ ಆದಂತಾಗುತ್ತದೆ. ಕಾರಿನ ಹತ್ತಿರ ಹೋಗಿ ಕಿಟಕಿಯಲ್ಲಿ ಬಗ್ಗಿ ವಿಷಯ ಹೇಳಿದೆ. ಅಕ್ಕೋರು ನನ್ನ ಮುಖವನ್ನು, ತಪ್ಪು ಲೆಕ್ಕ ಬಿಡಿಸಿದ ಹುಡುಗನನ್ನು ನೋಡುವ ಹಾಗೆ ನೋಡಿದರು.

"ಚೀಟಿ ಪಾಸಾಗ್ತದ್ರಿ. ಘಾಟ್ನ್ಯಾಗ ಲಾರಿಯವ್ನಿಗೆ ಚೀಟಿ ತೋರ್ಸಿದ್ರ ಆಗ್ತದೇನು?"

ಕಾರನ್ನು ಗ್ಯಾರೇಜಿಗೆ ತಂದು, ಬೇರೆ ಕೆಲಸಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಮೊದಲಿಂದ ಶುರು ಮಾಡಿದೆ.

ಕಂಪ್ರೆಷನ್ ಗೇಜ್ ಹಚ್ಚಿದೆ. ಮೂರೂ ಸಿಲಿಂಡರಿನಲ್ಲಿ ಒತ್ತಡ ಕಮ್ಮಿ, ಮತ್ತು ಮೂರರಲ್ಲೂ ಒಂದೇ ಸಮ ಕಮ್ಮಿ. ರಿಂಗ್ ಸವೆದಿರಬೇಕೆಂದು ಪ್ಲಗ್ಗಿನ ತೂತಿನಲ್ಲಿ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ರಿಂಗ್ ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ ಒತ್ತಡ ಏರಬೇಕು, ಏರಲಿಲ್ಲ. ಆಮೇಲೆ ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಗೆ ವ್ಯಾಕ್ಯೂಮ್ ಗೇಜ್ ಹಚ್ಚಿದೆ. ವಾಲ್ವ್ ಸುಟ್ಟು ಸೋರುತ್ತಿದ್ದರೆ ಅದರ ಸೂಜಿ ಪಟಪಟ ಬಡಿದುಕೊಳ್ಳುತ್ತದೆ. ಇಲ್ಲಿ ಸೂಜಿ ಅಲುಗಾಡದೆ ನಿಂತಿತ್ತು, ಆದರೆ ಇರಬೇಕಾದ ಜಾಗಕ್ಕಿಂತ ಬಹಳ ಕೆಳಗೆ. ಏರ್ ಫಿಲ್ಟರ್ ತೆಗೆದು ರೇಸ್ ಕೊಟ್ಟಾಗ ಕಾರ್ಬುರೇಟರಿನ ಬಾಯಲ್ಲಿ ಪೆಟ್ರೋಲಿನ ಸಣ್ಣ ಮಂಜು ಎದ್ದು ನಿಲ್ಲುತ್ತಿತ್ತು. ಒಳಗೆ ಹೋದದ್ದು ಹೊರಗೆ ಬರುತ್ತಿದೆ. ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿತ್ತು, ಕ್ಯಾಮ್ ಟೈಮಿಂಗ್ ಕಡೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪಿಸ್ಟನ್ನುಗಳು ತಿರುಗಿಸುವುದು ಕೆಳಗಿನ ಕ್ರ್ಯಾಂಕನ್ನು. ವಾಲ್ವ್ ಎಂಬ ಬಾಗಿಲುಗಳನ್ನು ತೆಗೆದು ಮುಚ್ಚಿಸುವುದು ಮೇಲಿನ ಕ್ಯಾಮ್. ಎರಡನ್ನೂ ಒಂದು ಹಲ್ಲಿನ ಬೆಲ್ಟು ಜೋಡಿಸುತ್ತದೆ. ಕ್ಯಾಮ್ ತುಸು ಹಿಂದೆ ಬಿದ್ದರೆ ಎಲ್ಲ ಬಾಗಿಲೂ ತಡ. ಪಿಸ್ಟನ್ ಮೇಲೇರಿ ಗಾಳಿ ಒತ್ತತೊಡಗಿದರೂ ಒಳಬಾಗಿಲು ತೆರೆದೇ ಇರುತ್ತದೆ, ಎಳೆದುಕೊಂಡ ಪೆಟ್ರೋಲ್ ಗಾಳಿ ಬಂದ ದಾರಿಯಲ್ಲೇ ವಾಪಸ್. ಉಳಿದದ್ದು ಸರಿಯಾಗಿ ಉರಿಯುವುದಿಲ್ಲ, ಅರೆಬೆಂದದ್ದು ಹೊಗೆಯಾಗಿ ಹೋಗುತ್ತದೆ. ನಿಧಾನಗತಿಯಲ್ಲಿ ಎಳೆತವೂ ಇಲ್ಲ. ಈಗಿನ ಕಾರುಗಳಲ್ಲಿ ಇದನ್ನು ಸೆನ್ಸರ್ ಕಂಡುಹಿಡಿದು ದೀಪ ಉರಿಸುತ್ತದೆ. ಹಳೆಯ ಕಾರು ಮೂಗಬಸವನ ಹಾಗೆ, ಎಲ್ಲವನ್ನೂ ಸಹಿಸಿಕೊಂಡು ಓಡುತ್ತಿರುತ್ತದೆ.

ಬೆಲ್ಟಿನ ಕವರ್ ಬಿಚ್ಚಿದೆ. ಬೆಲ್ಟ್ ಒಂದು ಹಲ್ಲು ಜಿಗಿದಿರುತ್ತದೆ, ಸರಿಪಡಿಸಿ ಸಂಜೆಯೊಳಗೆ ಕೊಟ್ಟುಬಿಡುತ್ತೇನೆಂದು ಸಿಳ್ಳೆ ಹಾಕುತ್ತಾ ಎಂಜಿನ್ ತಿರುಗಿಸಿ ಗುರುತು ನೋಡಿದೆ. ಮೇಲಿನ ಕ್ಯಾಮ್ ಪುಲ್ಲಿಯ ಗುರುತು ಅದರ ಜಾಗದಲ್ಲಿ. ಕೆಳಗಿನ ಕ್ರ್ಯಾಂಕ್ ಪುಲ್ಲಿಯ ಚುಕ್ಕೆ ಅದರ ಜಾಗದಲ್ಲಿ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಸಿಳ್ಳೆ ನಿಂತಿತು. ಹಿಂದೆಮುಂದೆ ತಿರುಗಿಸಿ ಮತ್ತೆ ಮತ್ತೆ ನೋಡಿದೆ. ಟೈಮಿಂಗ್ ಸರಿಯಿದ್ದರೆ ನಾನು ಕಂಡದ್ದೆಲ್ಲ ಸುಳ್ಳು, ಕಂಡದ್ದು ನಿಜವಾದರೆ ಈ ಗುರುತು ಸುಳ್ಳು. ತಲೆ ಕೆಟ್ಟು ಸ್ಪಾನರನ್ನು ಗೋಡೆಗೆ ಎಸೆದೆ. ನನ್ನ ಗೋಡೆಯಲ್ಲಿ ಅಂಥ ಗುಳಿಗಳು ಇನ್ನೂ ಇವೆ.

ಚಹಾ ಕುಡಿದು ಬಂದು ಸುಮ್ಮನೆ ಎಂಜಿನ್ ನೋಡುತ್ತಾ ನಿಂತೆ. ಆಗ ಕಣ್ಣಿಗೆ ಬಿದ್ದದ್ದು ಡಿಸ್ಟ್ರಿಬ್ಯೂಟರ್. ಪ್ಲಗ್ಗುಗಳಿಗೆ ಕಿಡಿ ಹಂಚುವ ಅದು ಈ ಎಂಜಿನ್ನಿನಲ್ಲಿ ಕ್ಯಾಮಿನ ತುದಿಯಲ್ಲೇ ಕೂತು ಅದರ ಜೊತೆಗೇ ತಿರುಗುತ್ತದೆ. ಕಿಡಿಯ ಹೊತ್ತು ಹೊಂದಿಸಲು ಅದನ್ನು ಅತ್ತಿತ್ತ ತಿರುಗಿಸುವಷ್ಟು ಉದ್ದದ ಸೀಳು ಇದೆ, ಸಾಮಾನ್ಯವಾಗಿ ಬೋಲ್ಟು ಆ ಸೀಳಿನ ನಡುವೆ ಎಲ್ಲೋ ನಿಲ್ಲುತ್ತದೆ. ಇಲ್ಲಿ ಅದನ್ನು ಸೀಳಿನ ಕೊನೆಯವರೆಗೆ ತಿರುಗಿಸಿ, ಇನ್ನು ಜಾಗವೇ ಇಲ್ಲದಷ್ಟು ತಳ್ಳಿ ಬಿಗಿದಿದ್ದರು. ಕ್ಯಾಮ್ ಹಿಂದೆ ಬಿದ್ದಿತ್ತು, ಅದರ ಜೊತೆ ಕಿಡಿಯೂ ಹಿಂದೆ ಬಿದ್ದಿತ್ತು, ಯಾರೋ ಕಿವಿಯಿಂದ ಕೇಳಿ ಕಿಡಿಯನ್ನಷ್ಟೇ ಮುಂದಕ್ಕೆ ಎಳೆದು ರೋಗ ಮುಚ್ಚಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದು.

ಪುಲ್ಲಿಯ ಗುರುತು ನಂಬುವುದು ಬಿಟ್ಟೆ. ಗೇರ್‌ಬಾಕ್ಸಿನ ಮೇಲೆ ಒಂದು ಸಣ್ಣ ಕಿಂಡಿ ಇರುತ್ತದೆ, ರಬ್ಬರ್ ಬಿರಡೆ ತೆಗೆದರೆ ಒಳಗಿನ ಫ್ಲೈವ್ಹೀಲ್ ಮೇಲಿನ ಗೆರೆ ಕಾಣುತ್ತದೆ. ಅದು ಕ್ರ್ಯಾಂಕಿಗೆ ನೇರವಾಗಿ ಬೋಲ್ಟ್ ಆದದ್ದು, ಜಾರುವ ಮಾತೇ ಇಲ್ಲ. ಮೊದಲ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಸೈಕಲ್ಲಿನ ಸ್ಪೋಕ್ ಇಳಿಬಿಟ್ಟು ಪಿಸ್ಟನ್ ನಿಜವಾಗಿ ತುದಿ ಮುಟ್ಟುವ ಜಾಗ ಹುಡುಕಿದೆ. ಕಿಂಡಿಯಲ್ಲಿ ಗೆರೆ ಸರಿಯಾಗಿ ಬಂದು ನಿಂತಿತು. ಆಗ ಕೆಳಗೆ ಬಗ್ಗಿ ನೋಡಿದರೆ ಪುಲ್ಲಿಯ ಚುಕ್ಕೆ ಇನ್ನೂ ಹಿಂದಿತ್ತು. ಗುರುತು ಸುಳ್ಳು ಹೇಳುತ್ತಿರಲಿಲ್ಲ, ಗುರುತು ಇದ್ದ ಪುಲ್ಲಿಯೇ ಶಾಫ್ಟಿನ ಮೇಲೆ ಜಾರಿತ್ತು.

ಪುಲ್ಲಿಯ ನಡುವಿನ ಬೋಲ್ಟಿಗೆ ಸ್ಪಾನರ್ ಹಚ್ಚಿದೆ. ಉದ್ದದ ಪೈಪ್ ಹಾಕಿ ಜೋತುಬೀಳಬೇಕಾದ ಬೋಲ್ಟು ಅದು. ಒಂದೇ ಕೈಯಲ್ಲಿ ಬಿಚ್ಚಿಕೊಂಡಿತು. ಶಾಫ್ಟಿಗೂ ಪುಲ್ಲಿಗೂ ನಡುವೆ ಕೂತು ಎರಡನ್ನೂ ಒಂದು ಮಾಡುವ ಚಿಕ್ಕ ಉಕ್ಕಿನ ತುಂಡು, ಕೀ ಅನ್ನುತ್ತೇವೆ, ಇಲಿ ಕಡಿದ ಕೊಬ್ಬರಿಯಂತೆ ಆಗಿತ್ತು. ಅದು ಕೂರುವ ಶಾಫ್ಟಿನ ತೋಡೂ ಸವೆದು ಅಗಲವಾಗಿತ್ತು.

ಆಗ ಇನ್ನೊಂದು ಹೊಳೆಯಿತು. ಬ್ರೇಕ್ ಹಗುರ ಮಾಡುವ ಬೂಸ್ಟರ್ ಎಂಬ ಡಬ್ಬಿ ಕೆಲಸ ಮಾಡುವುದು ಇದೇ ವ್ಯಾಕ್ಯೂಮಿನಿಂದ, ಎಂಜಿನ್ ಗಾಳಿ ಎಳೆಯುವ ಬಲದಿಂದ. ಎಂಜಿನ್ನಿಗೇ ಎಳೆತ ಇಲ್ಲದಿದ್ದರೆ ಡಬ್ಬಿ ಒಮ್ಮೆ ಖಾಲಿಯಾದ ಮೇಲೆ ಬೇಗ ತುಂಬಿಕೊಳ್ಳುವುದಿಲ್ಲ. ಬಿಚ್ಚಿದ್ದನ್ನು ತಾತ್ಕಾಲಿಕವಾಗಿ ಜೋಡಿಸಿ ಕಾರು ಶುರುಮಾಡಿ, ಮೆಲ್ಲಗೆ ಓಡಲು ಬಿಟ್ಟು, ಲಿವರ್ ತಳ್ಳಿದೆ. ಬೆಣ್ಣೆ. ಬಿಟ್ಟು ಮತ್ತೆ ತಳ್ಳಿದೆ. ಮತ್ತೆ ಬಿಟ್ಟು ತಳ್ಳಿದೆ. ಕಲ್ಲು. ನನ್ನ ತೋಳಿಗೂ ಕಲ್ಲೇ. ಅಕ್ಕೋರು ಮೊದಲ ದಿನವೇ ಅಕ್ಷರಶಃ ಹೇಳಿದ್ದ ಮಾತದು, ನಾನು ಒಂದೇ ಸಲ ತಳ್ಳಿ ಗಾದೆ ಹೇಳಿದ್ದೆ. ಮೂರು ದೂರಿಗೂ ಬೇರು ಒಂದೇ.

ಫೋನ್ ಮಾಡಿದೆ. "ಅಕ್ಕೋರ, ನಿಮ್ಮ ಕೈ ಅಲ್ರಿ. ಎಂಜಿನ್‌ದ ದೋಷ. ನಾ ಕಣ್ಣಾರೆ ನೋಡೀನಿ."

"ಖರೇನೇನ್ರಿ?" ಅಂದರು. ಫೋನನ್ನು ತಮ್ಮ ಇಸಿದುಕೊಂಡ. ನಾನು ಜೋರು ಮಾಡಿ ಅವನಿಗೂ ಹೇಳಿದೆ, ಇನ್ನು ಮುಂದೆ ಅಕ್ಕನ ಕೈ ಸುದ್ದಿ ತೆಗೆದರೆ ನನ್ನ ಹತ್ತಿರ ಬರಬೇಡ ಅಂದೆ. "ತಪ್ಪಾತ್ರಿ, ಆಕಿಗೆ ಭಾಳ ಅಂದುಬಿಟ್ಟೀನಿ," ಅಂದ ಅವನು.

ಬೋಲ್ಟ್ ಸಡಿಲ ಬಿಟ್ಟವನ ಮೇಲೆ ನನ್ನ ಸಿಟ್ಟೆಲ್ಲ ತಿರುಗಿತು. ಅಕ್ಕೋರನ್ನು ಕೇಳಿದಾಗ ಗೊತ್ತಾಯಿತು, ಶಾಲೆಯ ಪರೀಕ್ಷೆಯ ಕೆಲಸಕ್ಕೆಂದು ಕಂಪ್ಲಿಗೆ ಹೋದಾಗ ಬೆಲ್ಟ್ ತುಂಡಾಗಿ ಅಲ್ಲಿಯ ಮೇಸ್ತ್ರಿಯೊಬ್ಬ ಹೊಸದು ಹಾಕಿದ್ದನಂತೆ. ಹೊಟ್ಟೆ ಉರಿದು ಬೈಕ್ ಹತ್ತಿ ಕಂಪ್ಲಿಗೆ ಹೋದೆ. ಬತ್ತದ ಗದ್ದೆಗಳ ನಡುವೆ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಅವನ ಗ್ಯಾರೇಜು ಅಂದರೆ ಬೇವಿನ ಮರ, ಒಂದು ತಗಡಿನ ಪೆಟ್ಟಿಗೆ, ಅವನು. ಕೀ ತುಂಡನ್ನು ಅವನ ಅಂಗೈಗೆ ಹಾಕಿದೆ.

"ಇದೇನು ನೋಡು."

ನೋಡಿದ. ಬಣ್ಣ ಬದಲಾಯಿತು. "ಆ ಲಿವರ್ ಕಾರು ಏನ್ರಿ? ಬೋಲ್ಟ್ ಟೈಟ್ ಮಾಡೀನಲ್ರಿ ಅಣ್ಣ."

"ಹೆಂಗ್ ಮಾಡ್ದಿ, ಅದನ್ನ ಹೇಳು."

ನಾವೆಲ್ಲ ಆ ಬೋಲ್ಟ್ ಬಿಗಿಯುವ ರೀತಿ ಒಂದೇ. ಬೋಲ್ಟು ಬಿಗಿಯುವಾಗ ಕ್ರ್ಯಾಂಕೂ ಜೊತೆಗೆ ತಿರುಗಬಾರದು. ಅದಕ್ಕೆ ಕಾರನ್ನು ಟಾಪ್ ಗೇರಿಗೆ ಹಾಕಿ, ಒಬ್ಬರು ಒಳಗೆ ಕೂತು ಬ್ರೇಕನ್ನು ಕಾಲಿನಿಂದ ಮೆಟ್ಟಿ ಹಿಡಿಯುತ್ತಾರೆ, ಇನ್ನೊಬ್ಬರು ಪೈಪ್ ಹಾಕಿ ಎಳೆಯುತ್ತಾರೆ. ಅವನು ಒಬ್ಬನೇ ಇದ್ದ.

"ಪೆಡಲ್‌ಗೆ ತಗಡು ಅಡ್ಡ ಇತ್ರಿ, ಕಾಲಿಡಾಕ ಆಗ್ಲಿಲ್ಲ. ಅಕ್ಕೋರ ಒಳಗ ಕುಂತು ಲಿವರ್ ತಳ್ಳಿ ಹಿಡಿದ್ರು. ನಾ ಎಳೆದೆ. ಟೈಟ್ ಆತು, ಆಮೇಲೆ ಶಾಫ್ಟೂ ಜೋಡಿ ತಿರುಗಾಕ ಹತ್ತಿತ್ತು. ಇನ್ನಾ ಗಟ್ಟಿ ತಳ್ರಿ ಅಂದೆ. ತಳ್ಳಾಕತ್ತೀನಿ ಅಂದ್ರು. ಬೆವರು ಬಂದಿತ್ತು ಅವ್ರಿಗೆ. ಹೆಣ್ಮಗಳು ಪಾಪ, ಎಷ್ಟಂತ ಹೇಳೋದು? ಇಷ್ಟು ಸಾಕು ಅನ್ಕೊಂಡೆ."

ಎಂಜಿನ್ ಆರಿಸಿದ್ದಾಗ ಬೂಸ್ಟರಿನ ಸಹಾಯ ಇರುವುದಿಲ್ಲ, ಲಿವರ್ ಯಾರಿಗಾದರೂ ಭಾರವೇ. ಅದನ್ನೇ ನನಗೆ ನಾನು ಹೇಳಿಕೊಂಡೆ. ದಾರಿಯಲ್ಲಿ ಜೋಡಿಸಿಕೊಂಡು ಹೋಗಿದ್ದ ಬೈಗುಳದಲ್ಲಿ ಒಂದನ್ನೂ ಬಳಸಲಿಲ್ಲ. ಅವನ ಜಾಗದಲ್ಲಿ ಇದ್ದಿದ್ದರೆ ನಾನೂ ಅಷ್ಟಕ್ಕೇ ಬಿಡುತ್ತಿದ್ದೆ. ಅವನು ತರಿಸಿಕೊಟ್ಟ ಚಹಾ ಕುಡಿದು ವಾಪಸ್ ಬಂದೆ, ಆದರೆ ಬೆವರು ಬಂದಿತ್ತು ಅಂದ ಮಾತು ಕಿವಿಯಿಂದ ಹೋಗಲೇ ಇಲ್ಲ.

ಈಗ ಎರಡು ದಾರಿ ಇದ್ದವು. ಹೊಸ ಕೀ ಹಾಕಿ, ಅಗಲವಾದ ತೋಡಿಗೆ ಲೋಹದ ಅಂಟು ತುಂಬಿ, ಬೋಲ್ಟ್ ಬಿಗಿದರೆ ಆರ್.ಸಿ. ದಿನಕ್ಕೆ ಕಾರು ಸಿದ್ಧ. ಹೊಗೆಯೂ ಪಾಸು, ಘಾಟೂ ಹತ್ತುತ್ತದೆ. ಬಹಳ ಜನ ಹಾಗೇ ಮಾಡುತ್ತಾರೆ, ಕೆಲವು ತಿಂಗಳು ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ಅಂಟು ಬಿಡುತ್ತದೆ. ಆ ದಿನ ಕಾರು ಎಲ್ಲಿರುತ್ತದೋ ಯಾರಿಗೆ ಗೊತ್ತು. ಘಾಟ್ ಇಳಿಯುವಾಗ ಎಂಜಿನ್ ನಿಂತರೆ ಬೂಸ್ಟರೂ ಸತ್ತಂತೆ. ಇನ್ನೊಂದು ದಾರಿ ಎಂಜಿನ್ ಇಳಿಸಿ ಕ್ರ್ಯಾಂಕ್ ಹೊರತೆಗೆದು ತೋಡನ್ನೇ ಹೊಸದಾಗಿ ಕೊರೆಸುವುದು. ಹಾಗೆ ಮಾಡಿದರೆ ಆರ್.ಸಿ. ದಿನ ತಪ್ಪುತ್ತದೆ, ತಮ್ಮ ಹಾಕಿದ ಗಡುವೂ ಅದೇ.

ಎಂಜಿನ್ ಇಳಿಸುತ್ತೇನೆ ಅಂದೆ. ತಮ್ಮನಿಗೆ ನಾನೇ ಹೇಳಿದೆ, ಹೊಸ ದಿನ ಕೇಳಿ ಬಾ, ನೀನೇ ಹೋಗಬೇಕು ಅಂದೆ. ಮರುಮಾತಾಡದೆ ಹೋಗಿ ಆರ್.ಟಿ.ಓ. ಆಫೀಸಿನ ಬಾಗಿಲಲ್ಲಿ ನಿಂತು ಹೊಸ ದಿನ ತಂದ. ಅಕ್ಕೋರು ಅಷ್ಟು ದಿನವೂ ಬಸ್ಸಿನಲ್ಲಿ ಸಂಡೂರಿಗೆ ಹೋಗಿ ಬಂದರು. ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈ ಹಿಡಿಯುತ್ತಿದ್ದನೆಂದು ಒಮ್ಮೆ ನಗುತ್ತಾ ಹೇಳಿದರು. ಅವರ ಕಣ್ಣು ನಗಲಿಲ್ಲ.

ಅದಿರಿನ ಲಾರಿಗಳ ಕೆಲಸ ಮಾಡುವ ಲೇತ್ ಅಂಗಡಿಯವನಿಗೆ ಕ್ರ್ಯಾಂಕ್ ಕೊಟ್ಟೆ. ಲಾರಿಯ ಸಾಮಾನು ನೋಡಿದ ಕಣ್ಣಿಗೆ ಇದು ಆಟಿಕೆಯ ಹಾಗೆ ಕಂಡು ಮೊದಲು ಅಸಡ್ಡೆ ಮಾಡಿದ. ಬೆನ್ನು ಹತ್ತಿ ನಿಂತು ಮಾಡಿಸಿದೆ. ಸವೆದ ತೋಡನ್ನು ನೇರ ಗೋಡೆ ಸಿಗುವಷ್ಟು ಅಗಲ ಮಾಡಿದ. ಶಾಫ್ಟಿನ ಕಡೆ ಅಗಲ, ಪುಲ್ಲಿಯ ಕಡೆ ಸಣ್ಣ, ಹೀಗೆ ಮೆಟ್ಟಿಲಿನ ಆಕಾರದ ಕೀ ಬೇಕಾಯಿತು. ಮೊದಲನೆಯದನ್ನು ನಾನೇ ಅರದಿಂದ ಉಜ್ಜಿ ಉಜ್ಜಿ ಹೆಚ್ಚು ಸವೆಸಿ ಹಾಳು ಮಾಡಿದೆ. ಎರಡನೆಯದು ಬೆರಳಲ್ಲಿ ಒತ್ತಿದರೆ ಹೋಗದಂತೆ, ಮರದ ಸುತ್ತಿಗೆಯ ಪೆಟ್ಟಿಗೆ ಮಾತ್ರ ಕೂರುವಂತೆ ಆಯಿತು. ಬೋಲ್ಟ್ ಬಿಗಿಯುವಾಗ ಬ್ರೇಕ್ ಹಿಡಿಯಲು ಯಾರನ್ನೂ ಕರೆಯಲಿಲ್ಲ. ಫ್ಲೈವ್ಹೀಲಿನ ಹಲ್ಲಿಗೆ ಕಬ್ಬಿಣದ ಪಟ್ಟಿ ಕೊಟ್ಟು ತಡೆದು, ಟಾರ್ಕ್ ರೆಂಚ್ ಕಟಕ್ ಅನ್ನುವವರೆಗೆ ಬಿಗಿದೆ. ಕಿಂಡಿಯ ಗೆರೆ, ಪುಲ್ಲಿಯ ಚುಕ್ಕೆ, ಕ್ಯಾಮಿನ ಗುರುತು, ಮೂರೂ ಈಗ ಒಂದೇ ಮಾತು ಹೇಳಿದವು. ಡಿಸ್ಟ್ರಿಬ್ಯೂಟರ್ ತನ್ನ ಸೀಳಿನ ನಡುವಿಗೆ ಬಂದು ನಿಂತಿತು.

ವ್ಯಾಕ್ಯೂಮ್ ಗೇಜಿನ ಸೂಜಿ ಏರಿ ನಿಂತಾಗ ನನ್ನಷ್ಟಕ್ಕೆ ನಾನೇ ಚಪ್ಪಾಳೆ ಹೊಡೆದೆ. ಲಿವರನ್ನು ಮೇಲಿಂದ ಮೇಲೆ ತಳ್ಳಿದೆ, ಎಷ್ಟು ಸಲ ತಳ್ಳಿದರೂ ಹಗುರ. ಹೊಗೆಯ ಕೇಂದ್ರದವನು ಈ ಸಲ ಪೈಪನ್ನು ಇದೇ ಕಾರಿಗೆ ಇಟ್ಟ. ಪಾಸು. ಆರ್.ಸಿ. ಕೂಡ ಆಯಿತು, ಮುಂದಿನ ಐದು ವರ್ಷಕ್ಕೆ.

ಆ ಭಾನುವಾರ ಬೆಳಿಗ್ಗೆ ಘಾಟಿನಲ್ಲಿ ಪರೀಕ್ಷೆ ಮಾಡಲು ಹೊರಟೆವು. ಅಕ್ಕೋರು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಏರಿನಲ್ಲಿ ಕಾರು ಎಳೆದ ಎಳೆತಕ್ಕೆ ಅಕ್ಕೋರು ಹುಡುಗಿಯ ಹಾಗೆ ನಕ್ಕರು. ಅದಿರಿನ ಲಾರಿಯೊಂದನ್ನು ಹಿಂದೆ ಹಾಕಿ ಹಾರನ್ನೂ ಹೊಡೆದರು. "ಇದಾ ನನ್ನ ಕಾರು!" ಅಂದರು. ಅವರಿಗಿಂತ ನನಗೇ ಹೆಚ್ಚು ಖುಷಿಯಾಗಿತ್ತು. ಸಂಡೂರು ಮುಟ್ಟಿ ತಿರುಗಿದೆವು.

ಇಳಿಜಾರಿನಲ್ಲಿ ಸಾಲು ಸಿಕ್ಕಿತು. ಲಾರಿಗಳು ನಿಂತು ನಿಂತು ಇಳಿಯುತ್ತಿದ್ದವು. ಅಕ್ಕೋರು ಲಿವರ್ ತಳ್ಳಿದರು, ಬಿಟ್ಟರು, ತಳ್ಳಿದರು. ಕಾರು ಪ್ರತಿ ಸಲ ಸರಿಯಾಗಿ ನಿಂತಿತು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದವನು ಯಾಕೋ ಈ ಕಡೆ ತಿರುಗಿದೆ. ಸ್ಟೇರಿಂಗ್ ಹಿಡಿದಿದ್ದ ಎಡಗೈ ಅದನ್ನು ಬಿಟ್ಟು ಬಂದು ಬಲಗೈಯ ಮೇಲೆ ಕೂತಿತ್ತು. ಎರಡೂ ಕೈ ಸೇರಿ ಲಿವರ್ ತಳ್ಳುತ್ತಿದ್ದವು. ಬಲ ಮೊಣಕೈ ಸಣ್ಣಗೆ ನಡುಗುತ್ತಿತ್ತು.

ನನ್ನ ಕೈ ಚಾಚಿ ಲಿವರಿನ ತುದಿಗೆ ಎರಡು ಬೆರಳು ಇಟ್ಟು ತಳ್ಳಿದೆ. ಹಗುರವಾಗಿಯೇ ಇತ್ತು. ಎಂಜಿನ್ನಿನ ತಪ್ಪು ಏನೂ ಉಳಿದಿರಲಿಲ್ಲ. ಅದು ಹಗುರವಾಗಿದ್ದುದಕ್ಕೆ ನನಗೆ ಅಷ್ಟು ದುಃಖವಾಗುತ್ತದೆಂದು ಅಂದುಕೊಂಡಿರಲಿಲ್ಲ.

ಇಳಿಜಾರು ಮುಗಿದ ಮೇಲೆ ಅಕ್ಕೋರು ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು.

"ಮೊದಲಿನಕ್ಕಿಂತ ಭಾಳ ಹಗುರ ಐತ್ರಿ ಮೇಸ್ತ್ರಿ," ಅಂದರು. "ನಿಮ್ಮ ಕೆಲಸದಾಗ ಏನೂ ಕಸರಿಲ್ಲ."

"ಲಿವರ್ ಉದ್ದ ಮಾಡ್ಕೊಡ್ತೀನ್ರಿ. ಉದ್ದ ಆದಷ್ಟು ಬಲ ಕಮ್ಮಿ ಸಾಕಾಗ್ತೈತಿ. ನಾಳೆನ ಮಾಡ್ತೀನಿ."

"ಮಾಡ್ರಿ. ಈ ವರ್ಷಕ್ಕ ಉದ್ದ ಮಾಡ್ತೀರಿ. ಮುಂದಿನ ವರ್ಷ?"

ನಿಮ್ಮ ಕೈ ಅಲ್ಲ ಎಂದು ಫೋನಿನಲ್ಲಿ ಕೂಗಿದವನು ನಾನು. ಎಂಜಿನ್ ಕೆಟ್ಟಿದ್ದರೆ ಕೈ ನೆಟ್ಟಗಿರಲೇಬೇಕು ಎಂದು ಯಾರು ಹೇಳಿದ್ದರು? ಅವರು ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲ, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಡಗೈಯಿಂದ ಮೆಲ್ಲಗೆ ತಿಕ್ಕುತ್ತಾ ಕೂತರು. ನನಗೇ ಅಳು ಬಂದು ಮುಖ ಆಚೆ ತಿರುಗಿಸಿದೆ.

ಕಡ್ಡಿರಾಂಪುರದಲ್ಲಿ ಹೋಟೆಲಿನ ಮುಂದೆ ಕಾರು ನಿಂತಾಗ ತಮ್ಮ ಗಿರಾಕಿಗಳನ್ನು ಬಿಟ್ಟು ಹೊರಗೆ ಓಡಿ ಬಂದ. ನಾನು ಇಳಿದೆ.

"ಹೆಂಗೈತ್ರಿ ಮೇಸ್ತ್ರಿ?"

"ಕಾರು ಮಸ್ತ್ ಐತಿ."

"ಹಂಗಂದ್ರ ಅಕ್ಕ ನಾಳಿಯಿಂದ ಒಬ್ಬಾಕಿನ ಹೋಗಬಹುದಲ್ರಿ?" ಎಂದ. ಮುಖದ ತುಂಬ ನಗು. ತಾನು ಅಂದ ಮಾತುಗಳಿಗೆಲ್ಲ ಅವತ್ತು ಬಿಡುಗಡೆ ಸಿಗುತ್ತದೆಂದು ಕಾದವನ ನಗು ಅದು.

ಹೌದು ಅನ್ನಲು ಬಾಯಿ ಬರಲಿಲ್ಲ, ಇಲ್ಲ ಅನ್ನುವುದು ನನ್ನ ಹಕ್ಕಾಗಿರಲಿಲ್ಲ. ಅಕ್ಕೋರ ಕಡೆ ನೋಡಿದೆ. ಅವರು ಎಂಜಿನ್ ಆರಿಸಿದರು.

"ಕಾರಿಗೆ ಐದು ವರ್ಷ ಬರದು ಕೊಟ್ಟಾರಪ್ಪ," ಎಂದರು ತಮ್ಮನಿಗೆ. "ನನಗ ಯಾರೂ ಹಂಗ ಬರದು ಕೊಟ್ಟಿಲ್ಲ. ನಾಳಿ ಮುಂಜಾನೆ ನನ್ನ ಮಗ್ಗಲಕ್ಕ ಕುಂತು ಸಂಡೂರಿಗೆ ಬಾ. ಘಾಟ್ನ್ಯಾಗ ರಸ್ತೆ ನೋಡಬ್ಯಾಡ, ನನ್ನ ಕೈ ನೋಡು. ಆಮೇಲೆ ಇಬ್ರೂ ಕೂಡಿ ಮಾತಾಡೋಣು."

ತಮ್ಮನ ನಗು ನಿಂತಿತು. ನನ್ನ ಮುಖ ನೋಡಿದ, ಅಕ್ಕನ ಮಡಿಲಲ್ಲಿದ್ದ ಬಲಗೈ ನೋಡಿದ. ಒಳಗಿನಿಂದ ಯಾರೋ ಅನ್ನ ಬೇಕೆಂದು ಕೂಗಿದರು. ಅವನು ತಿರುಗಲಿಲ್ಲ. ನಾನು ಇಳಿದ ಕಡೆಯ ಬಾಗಿಲು ತೆಗೆದು, ನಾಳೆಯವರೆಗೂ ಕಾಯದೆ, ಅಕ್ಕನ ಪಕ್ಕದಲ್ಲಿ ಕೂತುಕೊಂಡ.